ತಲೆಗೆ ಬಂದದ್ದು ರುಮಾಲಿಗೆ ಹೋಗದಾಗ

“ತಲೆಗೆ ಬಂದದ್ದು ರುಮಾಲಿಗೆ ಹೋಯಿತು” ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ದೊಡ್ಡ ಗಂಡಾಂತರವೊಂದು ಸಣ್ಣದರಲ್ಲಿ ಕಳೆಯಿತೆಂಬ ಸಮಾಧಾನ ಆ ಮಾತಿನಲ್ಲಿದೆ. ರುಮಾಲು ಸುತ್ತುವವರು ನಮ್ಮ ಸೀಮೆಯಲ್ಲಿ ಈಗ ವಿರಳ. ಸಂತೆಗೆ ಬರುವ ಹಳ್ಳಿಯ ಮುದುಕರ ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ಕಂಡರೆ ಕಂಡೀತು. ಹಾಗಾದರೆ ರುಮಾಲಿಲ್ಲದ ತಲೆಗೆ ಬಂದದ್ದು ಎಲ್ಲಿಗೆ ಹೋಗುತ್ತದೆ? ತಲೆಗೇ ಹೋಗುತ್ತದೆ. ಹಾಗೆ ಹೋದ ಒಂದು ಪೆಟ್ಟಿನ ಕಥೆಯನ್ನೂ, ಅದರ ನೆವದಿಂದ ನಾನು ಓದಿ ತಿಳಿದ ಒಂದಿಷ್ಟು ಇತಿಹಾಸವನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಡೆದದ್ದು ಎರಡು ವರ್ಷದ ಹಿಂದೆ. ಹರಿಹರೇಶ್ವರ ದೇವಾಲಯದ ಶಾಸನವೊಂದನ್ನು ಮತ್ತೊಮ್ಮೆ ಕಣ್ಣಾರೆ ನೋಡಿ, ನನ್ನ ಪ್ರತಿಯಲ್ಲಿದ್ದ ಸಂದೇಹಗಳನ್ನು ತಿದ್ದಿಕೊಂಡು ಬರೋಣವೆಂದು ಒಂದು ಭಾನುವಾರ ಸ್ಕೂಟರಿನಲ್ಲಿ ಹರಿಹರಕ್ಕೆ ಹೋಗಿದ್ದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಗುಡಿ ಅದು. ತುಂಗಭದ್ರೆಗೆ ಹರಿದ್ರೆ ಬಂದು ಸೇರುವ ಆ ಸ್ಥಳಕ್ಕೆ ಹಿಂದೆ ಕೂಡಲೂರೆಂದು ಹೆಸರಿತ್ತು. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಸಂಜೆ ಹಿಂತಿರುಗುವಾಗ, ದಾವಣಗೆರೆ ಇನ್ನೇನು ಬಂತೆನ್ನುವಷ್ಟರಲ್ಲಿ ನಾಯಿಯೊಂದು ಅಡ್ಡ ಬಂತು. ಬ್ರೇಕು ಒತ್ತಿದೆ, ಉಸುಕಿನ ಮೇಲೆ ಚಕ್ರ ಜಾರಿತು, ರಸ್ತೆಯ ಪಕ್ಕಕ್ಕೆ ಬಿದ್ದೆ. ಹೆಲ್ಮೆಟ್ಟು ಎಲ್ಲಿತ್ತೆಂದರೆ, ನಾಚಿಕೆಯಿಂದಲೇ ಹೇಳಬೇಕು, ಸ್ಕೂಟರಿನ ಕೊಕ್ಕೆಯಲ್ಲಿ ನೇತಾಡುತ್ತಿತ್ತು.

ಬಿದ್ದೆ, ಎದ್ದೆ. ಮೂರ್ಛೆ ಹೋಗಲಿಲ್ಲ, ರಕ್ತ ಸೋರಲಿಲ್ಲ. ತಲೆ ಒಮ್ಮೆ ಗಿಮ್ಮೆಂದಿತು, ಅಷ್ಟೆ. ಸುತ್ತ ನೆರೆದವರು ನೀರು ಕುಡಿಸಿ, “ಏನೂ ಆಗಿಲ್ಲ ಬಿಡ್ರಿ ಸರ್, ದೇವರು ದೊಡ್ಡವನು” ಎಂದರು. ನಾನೂ ಹಾಗೆಯೇ ತಿಳಿದೆ. ಬಟ್ಟೆ ಕೊಡವಿಕೊಂಡು, ನಕಲಿನ ಪುಸ್ತಕ ಹರಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದೆ. ಮರುದಿನ ಮೊದಲ ತರಗತಿಯಲ್ಲಿ ರನ್ನನ ಗದಾಯುದ್ಧ. ಇಪ್ಪತ್ತು ವರ್ಷದಿಂದ ಪುಸ್ತಕ ನೋಡದೆ ಹೇಳುತ್ತ ಬಂದ ಪದ್ಯ ಅರ್ಧಕ್ಕೆ ನಿಂತುಹೋಯಿತು. ಮುಂದಿನ ಪಾದ ಬರಲಿಲ್ಲ. ಹುಡುಗರು ನಾನು ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ತಲೆ ತಗ್ಗಿಸಿದರು. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಬೆಂಚು ಎಳೆದ ಸದ್ದಿಗೆ ಹೊಟ್ಟೆ ತೊಳಸುತ್ತಿತ್ತು. ಮಧ್ಯಾಹ್ನ ಮನೆಯಲ್ಲಿ ನನ್ನ ಹೆಂಡತಿ, “ಏನ್ರೀ, ಕರೆಂಟ್ ಬಿಲ್ ಕಟ್ಟಿದ್ಯಾ ಅಂತ ಇದು ಮೂರನೇ ಸಲ ಕೇಳ್ತಿದ್ದೀರಿ” ಎಂದಳು. ನನಗೆ ಒಂದು ಸಲವೂ ಕೇಳಿದ ನೆನಪಿರಲಿಲ್ಲ.

ಈ ಮಾತನ್ನು ಒಳಗಿನಿಂದ ಕೇಳಿಸಿಕೊಂಡ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದಳು. ನಾನು ಚಿಕ್ಕವನಾಗಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಹಮಾಲನಿದ್ದ. ಲಾರಿಯ ಮೇಲಿಂದ ಹತ್ತಿಯ ಅಂಡಿಗೆಯ ಸಮೇತ ಬಿದ್ದವನು ತಾನೇ ಎದ್ದು ನಡೆದು ಮನೆಗೆ ಬಂದ, ತಲೆನೋವೆಂದ, ರೊಟ್ಟಿ ತಿಂದು ಮಲಗಿದ, ಬೆಳಿಗ್ಗೆ ಏಳಲಿಲ್ಲ. “ಎದ್ದು ಬಂದ ಅಂತ ಎಲ್ಲಾರೂ ಸುಮ್ನಾದ್ವಿ ಕಣಪ್ಪ. ನೀನು ಈಗ್ಲೇ ನಡಿ” ಎಂದು ಅವ್ವ ಆಟೋ ಹತ್ತಿಸಿದಳು. ವೈದ್ಯರು ಕಣ್ಣಿನ ಪಾಪೆಗೆ ದೀಪ ಹಿಡಿದು ನೋಡಿದರು, ಒಂದು ಗೆರೆಯ ಮೇಲೆ ನಡೆಸಿದರು, ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಕೇಳಿದರು. ಐದರಲ್ಲಿ ನನಗೆ ಎರಡು ಉಳಿದಿದ್ದವು. ಸಿಟಿ ಸ್ಕ್ಯಾನಿನ ಚಿತ್ರದಲ್ಲಿ ದೋಷವೇನೂ ಇರಲಿಲ್ಲ. “ಚಿತ್ರ ಚೆನ್ನಾಗಿದೆ ಅಂದರೆ ರಕ್ತ ಸೋರಿಲ್ಲ ಅಂತ ಅರ್ಥ. ಮಿದುಳು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅಲ್ಲ. ನಿಮಗಾಗಿರೋದು ಕನ್ಕಷನ್” ಎಂದರು ಅವರು.

ಆ ಪದವನ್ನು ಹಿಡಿದುಕೊಂಡು ಮನೆಗೆ ಬಂದೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಜೋರಾಗಿ ಅಲುಗಿಸುವುದು. ಕನ್ನಡದಲ್ಲಿ ಏನೆನ್ನಬೇಕು? ಮೂರ್ಛೆ, ಎಚ್ಚರ ತಪ್ಪುವುದು, ಕಣ್ಣು ಕತ್ತಲೆಗೂಡುವುದು, ತಲೆ ತಿರುಗುವುದು, ದಿಗ್ಭ್ರಮೆ ಎಂದು ಪದಗಳೇನೋ ಬೇಕಾದಷ್ಟಿವೆ. ಆದರೆ ಎಚ್ಚರವಿದ್ದೂ ಮಿದುಳು ಕದಡಿಹೋಗಿರುವ ಸ್ಥಿತಿಗೆ ಬಳಕೆಯಲ್ಲಿ ಒಂದು ಮಾತಿಲ್ಲ. ಹೆಸರಿಲ್ಲದ್ದನ್ನು ಗುರುತಿಸುವುದು ಕಷ್ಟ. ತಲೆಗೆ ಪೆಟ್ಟು ಬಿದ್ದವನನ್ನು ನಾವು ಮೊದಲು ಕೇಳುವುದು “ಪ್ರಜ್ಞೆ ತಪ್ಪಿತ್ತೇ?” ಎಂದು. ತಪ್ಪಿರಲಿಲ್ಲವೆಂದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಆದರೆ ಇಂಥ ಪೆಟ್ಟು ತಿಂದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮ ಪ್ರಶ್ನೆಯೇ ತಪ್ಪು.

ಈ ತಪ್ಪು ಪ್ರಶ್ನೆ ನಮಗೆ ಎಲ್ಲಿಂದ ಬಂದಿರಬಹುದೆಂದು ಯೋಚಿಸಿದಾಗ, ನಾನು ಪಾಠ ಹೇಳುವ ಕಾವ್ಯಗಳ ಮೇಲೆಯೇ ನನಗೆ ಸಂಶಯ ಹುಟ್ಟಿತು. ಗದಾಯುದ್ಧದಲ್ಲಿ ದುರ್ಯೋಧನನ ಗದೆಯ ಪೆಟ್ಟಿಗೆ ಭೀಮ ಮೂರ್ಛೆ ಹೋಗುತ್ತಾನೆ. ಮೂರ್ಛೆ ತಿಳಿದೆದ್ದು ಮತ್ತೆ ಕಾದುತ್ತಾನೆ. ಇದು ರನ್ನನೊಬ್ಬನ ಮಾತಲ್ಲ. ನಮ್ಮ ಕಾವ್ಯಗಳಲ್ಲಿ ವೀರರು ಮೂರ್ಛೆ ಹೋಗುವುದೂ ಏಳುವುದೂ ದಿನನಿತ್ಯದ ನಿದ್ದೆಯಷ್ಟು ಸಹಜ. ಎದ್ದ ಮೇಲೆ ತಲೆನೋವಿಲ್ಲ, ಮರೆವಿಲ್ಲ, ಮಾತು ತೊದಲುವುದಿಲ್ಲ. ಕವಿಗೆ ಬೇಕಾದದ್ದು ವೀರರಸ, ಅದನ್ನು ತಪ್ಪೆನ್ನಲಾಗದು. ಆದರೆ ಆ ಕಥೆಗಳನ್ನು ಬಯಲಾಟದಲ್ಲಿ, ಗಮಕದಲ್ಲಿ, ಸಿನಿಮಾದಲ್ಲಿ ನೋಡಿ ಕೇಳಿ ಬೆಳೆದ ನಾವು, ಎದ್ದವನು ಗುಣವಾದವನೆಂದೇ ನಂಬಿಬಿಟ್ಟಿದ್ದೇವೆ.

ಇನ್ನು ವೀರಗಲ್ಲುಗಳು. ನಮ್ಮ ನಾಡಿನ ಊರೂರ ಹೊರಗೂ ನಿಂತಿರುವ ಈ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ತುರು ಕಾಯಲು ಹೋಗಿ ಮಡಿದವನಿಗೆ ಕಲ್ಲುಂಟು. ಗೆದ್ದ ದಂಡನಾಥನಿಗೆ ಶಾಸನವುಂಟು. ಆದರೆ ಅದೇ ಕಾಳಗದಲ್ಲಿ ತಲೆಗೆ ದೊಣ್ಣೆಯ ಪೆಟ್ಟು ತಿಂದು ಬದುಕಿ ಮನೆಗೆ ಬಂದು, ಮುಂದೆ ಬೆಳಕಿಗೆ ಕಣ್ಣು ಬಿಡಲಾರದೆ, ಮಕ್ಕಳ ಗಲಾಟೆ ತಾಳಲಾರದೆ, ಸಿಟ್ಟಿನ ಮನುಷ್ಯನೆಂದು ಹೆಸರು ಹೊತ್ತವನಿಗೆ ಕಲ್ಲಿಲ್ಲ. ಅಂಥವರು ಇದ್ದೇ ಇದ್ದಿರಬೇಕು. ಸಾವು ಮತ್ತು ಗೆಲುವು ಎರಡೇ ಕಲ್ಲೇರಿದವು. ನಡುವಿನವನು ಲೆಕ್ಕದಿಂದ ಬಿಟ್ಟುಹೋದ.

ಅವನನ್ನು ಕಂಡವರು ವೈದ್ಯರು. ಚರಕಸಂಹಿತೆ ತಲೆಯನ್ನು ಉತ್ತಮಾಂಗವೆಂದು ಕರೆದು, ಪ್ರಾಣವೂ ಇಂದ್ರಿಯಗಳೆಲ್ಲವೂ ಅಲ್ಲಿ ನೆಲೆಸಿವೆಯೆನ್ನುತ್ತದೆ. ಹೃದಯ, ಬಸ್ತಿ, ಶಿರಸ್ಸು ಎಂಬ ಮೂರನ್ನು ಮುಖ್ಯ ಮರ್ಮಗಳೆಂದು ಬೇರೆ ಮಾಡಿ, ಸಿದ್ಧಿಸ್ಥಾನದಲ್ಲಿ ಅವುಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ತಲೆಗೆ ಪೆಟ್ಟಾದಾಗ ಏನೇನಾಗುತ್ತದೆಂಬ ಪಟ್ಟಿ ಅಲ್ಲಿದೆ: ಕತ್ತು ಸೆಟೆಯುವುದು, ಮುಖ ಸೊಟ್ಟಗಾಗುವುದು, ಕಣ್ಣು ಅಲೆಯುವುದು, ಮೋಹ ಕವಿಯುವುದು, ಚಲನೆ ತಪ್ಪುವುದು, ಮಾತು ನಿಲ್ಲುವುದು ಇಲ್ಲವೆ ತೊದಲುವುದು, ಆಕಳಿಕೆ, ಜೊಲ್ಲು ಸುರಿಯುವುದು, ದನಿ ಉಡುಗುವುದು. ಮೋಹವೆಂದರೆ ಇಲ್ಲಿ ಪ್ರೀತಿಯಲ್ಲ, ಬುದ್ಧಿಯ ಮಬ್ಬು. ಈ ಪಟ್ಟಿಯ ಹಲವು ಲಕ್ಷಣಗಳನ್ನು ಇಂದಿನ ತುರ್ತುಚಿಕಿತ್ಸೆಯ ವೈದ್ಯರೂ ಹುಡುಕುತ್ತಾರೆಂಬುದು ಸಣ್ಣ ಸಂಗತಿಯಲ್ಲ. ಸಂಹಿತೆಯ ಈ ಭಾಗವನ್ನು ಪೂರ್ಣಗೊಳಿಸಿದವನು ದೃಢಬಲ. ಕಾವ್ಯ ಮೂರ್ಛೆಯೊಂದನ್ನೇ ಕಂಡ ಕಡೆ ವೈದ್ಯ ಇಷ್ಟನ್ನು ಕಂಡ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕಲ್ಯಾಣಕಾರಕವನ್ನು ಕನ್ನಡಿಸಿದ. ದನಕರುಗಳ ರೋಗಕ್ಕೆ ಕೀರ್ತಿವರ್ಮ ಗೋವೈದ್ಯ ಬರೆದ. ವಿಷಚಿಕಿತ್ಸೆಗೆ ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವಿದೆ. ಬಿದ್ದು ಏಳುವ ವಿದ್ಯೆ ಮಾತ್ರ ಗರಡಿಮನೆಯಲ್ಲಿ ಉಸ್ತಾದನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ಬಂತು. ಗರಡಿಯ ಕೆಮ್ಮಣ್ಣನ್ನು ಹದ ಮಾಡಿ ಮೆತ್ತಗಿಡುವುದರ ಹಿಂದೆ ಇರುವ ತಿಳಿವು ಬೀಳುವ ತಲೆಯ ಮೇಲಿನ ಕಾಳಜಿಯೇ ಅಲ್ಲವೆ?

ಹೊರನಾಡುಗಳ ಕಡೆ ತಿರುಗೋಣ. ಈಜಿಪ್ತಿನಲ್ಲಿ ದೊರೆತ, ಸುಮಾರು ಕ್ರಿ.ಪೂ. ೧೬೦೦ರ ಒಂದು ವೈದ್ಯಕೀಯ ಸುರುಳಿಯಲ್ಲಿ ೪೮ ಗಾಯಾಳುಗಳ ವಿವರವಿದೆ. ತಲೆಗೆ ಏಟು ಬಿದ್ದು ಮಾತು ನಿಂತವರನ್ನೂ ಅದು ವರ್ಣಿಸುತ್ತದೆ. ಕ್ರಿ.ಶ. ೯೦೦ರ ಸುಮಾರಿನಲ್ಲಿ ಪಾರಸಿಕ ವೈದ್ಯ ಅಲ್ ರಾಝಿ, ಮಿದುಳು ಹರಿದು ಗಾಯವಾಗುವುದು ಬೇರೆ, ಗಾಯವಿಲ್ಲದೆ ಅಲುಗಿ ಕೆಲಕಾಲ ಕೆಲಸ ತಪ್ಪುವುದು ಬೇರೆ ಎಂದು ಗುರುತಿಸಿದನೆಂದು ವೈದ್ಯಶಾಸ್ತ್ರದ ಇತಿಹಾಸಕಾರರು ಅವನಿಗೆ ಗೌರವ ಸಲ್ಲಿಸುತ್ತಾರೆ. ೧೫೫೯ರಲ್ಲಿ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿ ಉತ್ಸವದ ಆಟದಲ್ಲಿ ಭರ್ಜಿಯ ಪೆಟ್ಟಿಗೆ ಸಿಕ್ಕಿ ಹತ್ತು ದಿನ ನರಳಿ ಸತ್ತ. ಆಂಬ್ರಾಸ್ ಪಾರೆ, ವೆಸಾಲಿಯಸ್ ಎಂಬ ಆ ಕಾಲದ ಇಬ್ಬರು ಮಹಾವೈದ್ಯರು ಅವನನ್ನು ನೋಡಿದ್ದರು. ಸತ್ತ ಮೇಲೆ ತಲೆಯನ್ನು ಪರೀಕ್ಷಿಸಿದರೆ ಬುರುಡೆ ಒಡೆದಿರಲಿಲ್ಲ. ಪೆಟ್ಟು ಬಿದ್ದ ಕಡೆಗೆ ಎದುರಿನ ಭಾಗದಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಬುರುಡೆ ಗಟ್ಟಿಯಾಗಿದ್ದರೆ ಸಾಲದೆಂದು ದೊರೆಯ ಪ್ರಾಣ ಕೊಟ್ಟು ಕಲಿತ ಪಾಠವಿದು. ಹದಿನೆಂಟನೆಯ ಶತಮಾನದಲ್ಲಿ ಅದೇ ದೇಶದ ಶಸ್ತ್ರವೈದ್ಯ ಪೆಟಿ ಮತ್ತೊಂದು ಮುಖ್ಯ ಭೇದವನ್ನು ಕಂಡ. ಪೆಟ್ಟು ಬಿದ್ದ ಕ್ಷಣದಲ್ಲೇ ಪ್ರಜ್ಞೆ ತಪ್ಪಿದರೆ ಅದು ಅಲುಗಾಟದಿಂದ; ಮೊದಲು ನೆಟ್ಟಗಿದ್ದು ತಡವಾಗಿ ಪ್ರಜ್ಞೆ ತಪ್ಪಿದರೆ ಒಳಗೆ ರಕ್ತ ಸೋರಿ ಮಿದುಳನ್ನು ಒತ್ತುತ್ತಿದೆ. ನಮ್ಮ ಓಣಿಯ ಹಮಾಲ ರೊಟ್ಟಿ ತಿಂದು ಮಲಗಿದ್ದು ಆ ನಡುವಿನ ಹೊತ್ತಿನಲ್ಲಿ.

ಒಡೆಯದ ಬುರುಡೆಯೊಳಗೆ ಮಿದುಳಿಗೆ ಏನಾಗುತ್ತದೆ? ೧೯೪೩ರಲ್ಲಿ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬೋರ್ನ್ ಇದಕ್ಕೊಂದು ಸರಳ ಉಪಾಯ ಮಾಡಿದ. ಬುರುಡೆಯ ಆಕಾರದಲ್ಲಿ ಜೆಲ್ಲಿ ತುಂಬಿ, ಥಟ್ಟನೆ ತಿರುಗಿಸಿ, ಎಲ್ಲೆಲ್ಲಿ ಸೆಳೆತ ಬೀಳುತ್ತದೆಂದು ನೋಡಿದ. ನೇರವಾದ ಗುದ್ದಿಗಿಂತ ತಲೆ ಗಕ್ಕನೆ ತಿರುಗುವುದೇ ಹೆಚ್ಚು ಅಪಾಯವೆಂದು ತೋರಿಸಿದ. ಮಿದುಳು ನಮ್ಮೂರ ದೋಸೆಯ ಮೇಲಿನ ಬೆಣ್ಣೆಯಷ್ಟು ಮೆತ್ತಗಿನದು. ಗಡಿಗೆಯಲ್ಲಿ ಹೆಪ್ಪಾದ ಮೊಸರನ್ನು ಗರ್ರನೆ ತಿರುಗಿಸಿದರೆ ಗಡಿಗೆ ಬಿರುಕು ಬಿಡದು, ಮೊಸರು ಒಡೆಯುತ್ತದೆ. ಗಡಿಗೆಯನ್ನು ತಟ್ಟಿ ನೋಡಿ ಮೊಸರು ನೆಟ್ಟಗಿದೆಯೆಂದು ಹೇಳುವವರು ನಾವು.

ಅದೇ ಆಕ್ಸ್‌ಫರ್ಡಿನಲ್ಲಿ ಹ್ಯೂ ಕೇರ್ನ್ಸ್ ಎಂಬ ಶಸ್ತ್ರವೈದ್ಯನಿದ್ದ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದವನು ೧೯೩೫ರಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದು ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಸತ್ತಾಗ ಅವನನ್ನು ನೋಡಿದ ವೈದ್ಯರಲ್ಲಿ ಕೇರ್ನ್ಸ್ ಒಬ್ಬ. ಆ ಸಾವು ಅವನನ್ನು ಬಿಡಲಿಲ್ಲ. ತಲೆಗೆ ಪೆಟ್ಟಾದ ಸವಾರರ ವಿವರಗಳನ್ನು ಕೂಡಿಹಾಕಿ ೧೯೪೧ರಲ್ಲಿ ಪ್ರಕಟಿಸಿದ. ಆ ವರ್ಷವೇ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟು ಕಡ್ಡಾಯ ಮಾಡಿತು. ನಮ್ಮಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆ ಸವಾರನಿಗೂ ಹಿಂದೆ ಕೂತವನಿಗೂ ಅದನ್ನು ವಿಧಿಸಿದೆ. ಹಿಂದೆ ಕೂತವರ ವಿಷಯದಲ್ಲಿ ಕರ್ನಾಟಕ ಬಿಗಿ ಹಿಡಿದದ್ದು ೨೦೧೬ರಲ್ಲಿ. ಕೇರ್ನ್ಸನ ಆ ಬರಹಕ್ಕೂ ನನ್ನ ಸ್ಕೂಟರಿನ ಕೊಕ್ಕೆಗೂ ನಡುವೆ ಎಂಟು ದಶಕ ದಾಟಿದ್ದವು.

ನಮ್ಮ ದೇಶದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಮೊದಲು ಆರಂಭವಾದದ್ದು ೧೯೪೯ರಲ್ಲಿ, ವೆಲ್ಲೂರಿನಲ್ಲಿ, ಡಾ. ಜೇಕಬ್ ಚಾಂಡಿಯವರಿಂದ. ೧೯೬೨ರಲ್ಲಿ ಬಾರ್ಬಡೋಸಿನಲ್ಲಿ ಗ್ರಿಫಿತ್‌ನ ಚೆಂಡು ತಲೆಗೆ ಬಡಿದು ಸಾವಿನ ಬಾಗಿಲಿಗೆ ಹೋಗಿಬಂದ ಭಾರತ ತಂಡದ ನಾಯಕ ನಾರಿ ಕಂಟ್ರಾಕ್ಟರರಿಗೆ ಮುಂದಿನ ಶಸ್ತ್ರಚಿಕಿತ್ಸೆ ನಡೆದದ್ದೂ ಅಲ್ಲಿಯೇ. ಅವರು ಮತ್ತೆ ಕ್ರಿಕೆಟ್ ಆಡಿದರು. ಟೆಸ್ಟ್ ಪಂದ್ಯವನ್ನು ಆಡಲಿಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆದವು. ದಾವಣಗೆರೆಗೆ ವೈದ್ಯಕೀಯ ಕಾಲೇಜು ಬಂದದ್ದು ೧೯೬೫ರಲ್ಲಿ. ಬುರುಡೆಯನ್ನು ತೆರೆಯದೆ ಒಳಗನ್ನು ತೋರಿಸುವ ಸಿಟಿ ಯಂತ್ರದಲ್ಲಿ ಮೊದಲ ರೋಗಿಯ ಚಿತ್ರ ತೆಗೆದದ್ದು ೧೯೭೧ರಲ್ಲಿ, ಇಂಗ್ಲೆಂಡಿನಲ್ಲಿ. ಇಂದು ಅದು ನಮ್ಮ ಊರಿನಲ್ಲಿಯೇ ಇದೆ. ಸಾಧನಕ್ಕೆ ಕೊರತೆಯಿಲ್ಲ, ಗುರುತಿಸುವುದಕ್ಕೆ ಕೊರತೆ.

ಗುರುತಿಸುವ ಕೆಲಸದಲ್ಲಿ ಈಚೆಗೆ ಮುಂದಾದವರು ಆಟದ ಮೈದಾನದವರು. ೧೯೨೮ರಲ್ಲಿಯೇ ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್, ಮತ್ತೆ ಮತ್ತೆ ತಲೆಗೆ ಗುದ್ದು ತಿಂದ ಮುಷ್ಟಿಕಾಳಗದವರು ಕುಡಿದವರಂತೆ ತೂರಾಡುವುದನ್ನು ಕುರಿತು ಬರೆದಿದ್ದ. ೨೦೦೧ರಿಂದ ತಜ್ಞರು ಆಗಾಗ ಸೇರಿ ಆಟಗಾರರ ತಲೆಪೆಟ್ಟಿಗೆ ನಿಯಮಗಳನ್ನು ತಿದ್ದುತ್ತ ಬಂದಿದ್ದಾರೆ. ೨೦೧೯ರಿಂದ ಅಂತರರಾಷ್ಟ್ರೀಯ ಕ್ರಿಕೆಟಿನಲ್ಲಿ ತಲೆಗೆ ಪೆಟ್ಟಾದವನ ಬದಲು ಮತ್ತೊಬ್ಬ ಬ್ಯಾಟು ಹಿಡಿಯಬಹುದು. ಭೀಮನ ಕಾಲದಿಂದ ನಡೆದುಬಂದ “ಎದ್ದು ಮತ್ತೆ ಕಾದು” ಎಂಬ ಧರ್ಮಕ್ಕೆ ಮೊದಲ ಬಾರಿಗೆ ತಡೆ ಬಿತ್ತು. ಪೆಟ್ಟು ಬಿದ್ದ ದಿನ ಮತ್ತೆ ಆಡಬಾರದು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ, ಅದರಲ್ಲೂ ಎಳೆಯರಿಗೆ, ಪ್ರಾಣಕ್ಕೇ ಸಂಚಕಾರ ಬರಬಹುದು.

ನನ್ನ ಚೇತರಿಕೆಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ಎರಡು ದಿನ ವಿಶ್ರಾಂತಿ. ಓದು, ಫೋನು, ಟಿ.ವಿ. ಮಿತವಾಗಿ. “ಕತ್ತಲ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವುದು ಹಳೆಯ ಕಾಲದ ಮಾತು, ಎರಡು ದಿನದ ಮೇಲೆ ನಿಧಾನವಾಗಿ ನಡೆದಾಡಿ” ಎಂದರು ವೈದ್ಯರು. ಮಲಗಿದವನನ್ನು ನಿದ್ದೆಗೆಡಿಸಬೇಕೆಂಬ ನಂಬಿಕೆ ನಮ್ಮಲ್ಲಿದೆ. ಒಮ್ಮೆ ವೈದ್ಯರು ಪರೀಕ್ಷಿಸಿದ ಮೇಲೆ ನಿದ್ದೆ ಔಷಧವೇ. ಮೊದಲ ದಿನ ಜೊತೆಯಲ್ಲಿ ಒಬ್ಬರು ಇದ್ದು ಗಮನಿಸುತ್ತಿರಬೇಕು, ಅಷ್ಟೆ. ಸ್ಕೂಟರು ಬಂದ್, ಓಟಾಟ ಬಂದ್. ಬೆಳಿಗ್ಗೆ ಹತ್ತು ನಿಮಿಷ ನಡಿಗೆ, ಆಮೇಲೆ ಇಪ್ಪತ್ತು. ಒಂದು ಪುಟ ಓದು, ಆಮೇಲೆ ಎರಡು. ತಲೆನೋವು ಹೆಚ್ಚಿದರೆ ಒಂದು ಮೆಟ್ಟಿಲು ಹಿಂದಕ್ಕೆ. ದೊಡ್ಡವರಲ್ಲಿ ಬಹುಮಂದಿಗೆ ಎರಡು ವಾರದಲ್ಲಿ, ಮಕ್ಕಳಿಗೆ ನಾಲ್ಕು ವಾರದೊಳಗೆ ಗುಣವಾಗುತ್ತದಂತೆ. ನನಗೆ ಐದು ವಾರ ಹಿಡಿಯಿತು.

ಆ ಐದು ವಾರದಲ್ಲಿ ಕಷ್ಟಕ್ಕಿಂತ ಹೆಚ್ಚು ನೋಯಿಸಿದ್ದು ಕಾಣದಿರುವಿಕೆ. ಕಾಲಿಗೆ ಪಟ್ಟಿ ಕಟ್ಟಿದ್ದರೆ ಬಸ್ಸಿನಲ್ಲಿ ಜಾಗ ಬಿಡುತ್ತಾರೆ. ತಲೆಯೊಳಗೆ ಪಟ್ಟಿ ಕಟ್ಟಿದವನನ್ನು “ನೋಡೋಕೆ ಚೆನ್ನಾಗೇ ಇದ್ದೀರಲ್ಲ” ಎನ್ನುತ್ತಾರೆ. ಒಂದೇ ಮೈಯಲ್ಲಿ ಇಬ್ಬರನ್ನು ಹೊತ್ತ ಹರಿಹರೇಶ್ವರನ ನೆನಪು ಆಗ ಮತ್ತೆ ಮತ್ತೆ ಬರುತ್ತಿತ್ತು: ಜನ ಕಂಡವನು ಒಬ್ಬ, ಒಳಗಿದ್ದವನು ಇನ್ನೊಬ್ಬ. ಮಗಳ ಮೇಲೆ ಕಾರಣವಿಲ್ಲದೆ ರೇಗಿದೆ. ರಾತ್ರಿ ಅದಕ್ಕಾಗಿ ಅತ್ತೆ. ಪದ್ಯಗಳು ಇನ್ನು ಬಾರವೆಂದೇ ಹೆದರಿದ್ದೆ. ಐದನೆಯ ವಾರದಲ್ಲೊಂದು ಬೆಳಿಗ್ಗೆ, ಹಾಲಿನವನಿಗೆ ಬಾಗಿಲು ತೆಗೆಯುವಾಗ, ತರಗತಿಯಲ್ಲಿ ನಿಂತುಹೋದ ಆ ಪಾದ ಕರೆಯದೆ ತಾನಾಗಿ ನಾಲಿಗೆಗೆ ಬಂತು. ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ವಾಚಕರು ನೆನಪಿನಲ್ಲಿಡಬೇಕಾದದ್ದು ಇಷ್ಟು. ತಲೆಗೆ ಪೆಟ್ಟಾದ ಮೇಲೆ ತಲೆನೋವು, ತಲೆ ತಿರುಗುವುದು, ಮಬ್ಬು, ಮರೆವು, ಬೆಳಕು ಸದ್ದು ತಾಳದಿರುವುದು, ಸಿಡುಕು, ಇವುಗಳಲ್ಲಿ ಒಂದಿದ್ದರೂ, ಎಚ್ಚರ ತಪ್ಪಿರದಿದ್ದರೂ, ವೈದ್ಯರಿಗೆ ತೋರಿಸಬೇಕು. ತಿರುತಿರುಗಿ ವಾಂತಿ, ಏರುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು, ಒಂದು ಕೈಕಾಲಿನ ಸೋಲು, ಕಣ್ಣಿನ ಪಾಪೆಗಳ ಏರುಪೇರು, ಮೂಗು ಕಿವಿಯಿಂದ ರಕ್ತವೋ ತಿಳಿನೀರೋ ಸೋರುವುದು, ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯೇ ಆಸ್ಪತ್ರೆಗೆ. ವಯಸ್ಸಾದವರಿಗೆ, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ಸಣ್ಣ ಪೆಟ್ಟೂ ಸಣ್ಣದಲ್ಲ. ವಾರಗಳ ಮೇಲೂ ಒಳಗೆ ರಕ್ತ ತುಂಬಬಹುದು.

ನಮ್ಮೂರ ದುಗ್ಗಮ್ಮನ ಜಾತ್ರೆಯಲ್ಲಿ ಟಗರಿನ ಕಾಳಗ ನೋಡಿದವರಿಗೆ ಗೊತ್ತು, ಎರಡು ಟಗರು ತಲೆಗೆ ತಲೆ ಡಿಕ್ಕಿ ಹೊಡೆದಾಗ ಜನ ಕೇಕೆ ಹಾಕುತ್ತಾರೆ. “ಅದಕ್ಕೇನೂ ಆಗಲ್ಲ, ದೇವರು ಹಾಗೇ ಮಾಡಿದಾನೆ” ಎನ್ನುತ್ತಾರೆ. ಹಾಗೆ ತಲೆ ಗುದ್ದಾಡುವ ಕಾಡುಟಗರಿನಂಥ ಪ್ರಾಣಿಗಳ ಮಿದುಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಅಲ್ಲಿಯೂ ಪೆಟ್ಟಿನ ಗುರುತುಗಳಿವೆಯೆಂದು ೨೦೨೨ರಲ್ಲಿ ಪ್ರಕಟಿಸಿದರು. ಕೊಂಬುಳ್ಳ ಟಗರಿನ ಪಾಡೇ ಹೀಗಿರುವಾಗ ಕನ್ನಡ ಮೇಷ್ಟರ ಪಾಡೇನು?

ನಾನು ಮತ್ತೆ ಹರಿಹರಕ್ಕೆ ಹೋಗಿಬಂದೆ. ಶಾಸನದ ಸಂದೇಹ ತಿದ್ದಿಕೊಂಡೆ. ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಗಿದಿತ್ತು. ಗುಡಿಯ ಅಂಗಳದಲ್ಲಿ ಅದನ್ನು ಕಂಕುಳಲ್ಲಿರಿಸಿಕೊಂಡು ನಿಂತಿದ್ದಾಗ ಅವ್ವ ಎಬ್ಬಿಸಿ ಕಳಿಸಲಾಗದೆ ಹೋದ ಆ ಹಮಾಲನ ನೆನಪಾಯಿತು. ಅವನಿಗೂ ಕಲ್ಲಿಲ್ಲ. ಓಣಿಯಲ್ಲಿ ಅವನ ಹೆಸರು ಬಲ್ಲವರು ಈಗ ಅವ್ವ ಒಬ್ಬಳೇ.